ಒಂದು ಹಂಗಾಮಿನ ಬಾಗು

ನಮ್ಮ ಊರಿನಲ್ಲಿ ರಂಗದ ಕಸ ಗುಡಿಸುವವರು ರಂಗ ಹತ್ತುವುದಿಲ್ಲ. ಕೆಳಗೆ ನಿಂತು, ಎರಡಾಳುದ್ದದ ಬಿದಿರಿಗೆ ಕಸಬರಿಗೆ ಕಟ್ಟಿ, ತೋಳು ಚಾಚಿ ಗುಡಿಸುತ್ತಾರೆ. ಹೊರಗಿನಿಂದ ಬಂದವರು ಇದನ್ನು ಭಕ್ತಿ ಎಂದುಕೊಳ್ಳುತ್ತಾರೆ. ಭಕ್ತಿಯಲ್ಲ, ಹೆದರಿಕೆ. ಇಲ್ಲಿ ರಂಗದ ಮೇಲೆ ಹಿಡಿದ ನಿಲುವು ಮೈಗೆ ಅಂಟಿಕೊಳ್ಳುತ್ತದೆ. ಬಣ್ಣ ಎಣ್ಣೆ ಹಚ್ಚಿದರೆ ಹೋಗುತ್ತದೆ, ಮಾತು ತಿಂಗಳಲ್ಲಿ ಮರೆತುಹೋಗುತ್ತದೆ, ನಿಲುವು ಮಾತ್ರ ಹೋಗುವುದಿಲ್ಲ. ಇನ್ನೊಬ್ಬರು ಅದೇ ರಂಗದ ಮೇಲೆ ಬಂದು ಅದೇ ನಿಲುವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿದರೆ ಮಾತ್ರ ಅದು ಮೊದಲಿನವರನ್ನು ಬಿಟ್ಟು ಇವರಿಗೆ ಹೋಗುತ್ತದೆ. ಒಂದು ಮೈಗೆ ಒಂದೇ ನಿಲುವು. ಹೊಸದು ಬಂತೆಂದರೆ ಹಳೆಯದು ಇಳಿಯಲೇಬೇಕು, ಇಳಿದದ್ದು ಆ ಹೊತ್ತಿಗೆ ರಂಗದ ಮೇಲೆ ಖಾಲಿ ಮೈಯಲ್ಲಿ ಯಾರು ನಿಂತಿದ್ದಾರೋ ಅವರನ್ನು ಹಿಡಿಯುತ್ತದೆ. ಹಿಂದೊಮ್ಮೆ ಆಟದ ನಡುವೆ ಗುಡಿಸಲು ಹತ್ತಿದವನೊಬ್ಬ ಎರಡು ವರ್ಷ ನಾಟಕದ ಕಾವಲುಗಾರನ ನಿಲುವಿನಲ್ಲೇ ಉಳಿದನಂತೆ. ಅಂದಿನಿಂದ ಬಿದಿರು ಬಂತು.

ವರ್ಷಕ್ಕೊಂದು ಹಂಗಾಮು, ಸುಗ್ಗಿ ಮುಗಿದ ಮೇಲೆ ಎಂಟು ಆಟ. ನಾಟಕ ಒಂದೇ, ಹಗಲು ನಾಲ್ಕು ಗಂಟೆಗೆ. ಎಂಟನೆಯ ಆಟದ ದಿನಕ್ಕೆ 'ಇಳಿಸುವ ದಿನ' ಎಂದು ಹೆಸರು. ಅಂದು ಪಾತ್ರ ಬಿಡುವವರ ಪಕ್ಕದಲ್ಲಿ ಹಿಡಿಯುವವರು ಬಂದು ನಿಲ್ಲುತ್ತಾರೆ. ಉಳಿದ ವರ್ಷವೆಲ್ಲ ಊರು ಇದಕ್ಕೆ ಹೊಂದಿಕೊಂಡೇ ಬದುಕುತ್ತದೆ. ಕಾವಲುಗಾರನ ಪಾತ್ರದವನು ನಿಂತೇ ನಿದ್ದೆ ಮಾಡುತ್ತಾನೆ, ಅವನ ಹೆಂಡತಿ ಗೋಡೆಗೆ ಹಾಸಿಗೆ ಕಟ್ಟಿಸಿದ್ದಾಳೆ. ಕಳ್ಳನ ಪಾತ್ರದವನು ತುದಿಗಾಲಲ್ಲಿ ಓಡಾಡುವುದರಿಂದ ಅವನ ತಾಯಿ ಅವನ ಕಾಲಿಗೊಂದು ಗೆಜ್ಜೆ ಕಟ್ಟಿದ್ದಾಳೆ, ಮನೆಗೆ ಬಂದದ್ದಾದರೂ ತಿಳಿಯಲಿ ಎಂದು. ಇದೆಲ್ಲ ತಮಾಷೆ. ತಮಾಷೆಯಲ್ಲದ್ದೂ ಇತ್ತು. ಅದನ್ನು ನಾವು ತಮಾಷೆಯೆಂಬಂತೆಯೇ ನೋಡುತ್ತಿದ್ದೆವು.

ನಾನು ನಿಲುವಿನ ಮಾಸ್ತರ. ಪದವಿ ಮುಗಿಸಿ ಊರಿಗೆ ಬಂದು ಮಾತಿಲ್ಲದೆ ಕೂತಿರುತ್ತಿದ್ದವನನ್ನು ನೋಡಿ, ಇವನು ಕಣ್ಣಿಟ್ಟು ನೋಡುತ್ತಾನೆ ಎಂದು ನಾಟಕದ ಮಂಡಳಿಯವರು ಈ ಕೆಲಸ ಕೊಟ್ಟರು. ಪಾತ್ರ ಹಿಡಿಯುವವರಿಗೆ ಅದರ ನಿಲುವನ್ನು ಕಲಿಸುವುದು ನನ್ನ ಪಾಲಿಗೆ ಬಂತು. ಭಾರ ಯಾವ ಕಾಲಿನ ಮೇಲೆ, ಉಸಿರು ಎಲ್ಲಿ ನಿಲ್ಲುತ್ತದೆ, ಗದ್ದ ಎಷ್ಟು ಒಳಗೆ, ಹೆಗಲು ಕಿವಿಗೆ ಎಷ್ಟು ದೂರ. ತಾಲೀಮು ಮನೆಯಲ್ಲಿ ಹಿಡಿದದ್ದು ಅಂಟುವುದಿಲ್ಲ, ರಂಗದ ಮೇಲಿನದು ಮಾತ್ರ ಅಂಟುತ್ತದೆ. ನಾನು ರಂಗ ಹತ್ತಿದವನಲ್ಲ. ನನ್ನ ಮೈಯಲ್ಲಿ ಯಾವ ನಿಲುವೂ ಇರಲಿಲ್ಲ. ಮಂಡಳಿಯ ಸಭೆಗಳಲ್ಲೂ ಇರಲಿಲ್ಲ, ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತುತ್ತಿದ್ದೆ.

ನಾಟಕದಲ್ಲಿ ಚಪ್ಪಲಿ ಹೊರುವ ಮುದುಕಿಯ ಪಾತ್ರವೊಂದಿದೆ. ಮಾತಿಲ್ಲ. ರಾಜ ಸಿಂಹಾಸನದಿಂದ ಇಳಿಯುವಾಗ ಮೂರು ಸಲ ಬಂದು ಅವನ ಕಾಲ ಬಳಿ ಚಪ್ಪಲಿ ಇಡಬೇಕು. ಸೊಂಟದಿಂದ ಮೇಲಿನ ಮೈ ನೆಲಕ್ಕೆ ಸಮನಾಗಿ ಬಾಗಿರಬೇಕು. ಹನ್ನೊಂದು ವರ್ಷದ ಹಿಂದೆ ಆ ಬಾಗನ್ನು ಹೊತ್ತಿದ್ದಾಕೆಗೆ ಬಿಡುಗಡೆ ಬೇಕಾಗಿ, ಮಂಡಳಿ ಫಕೀರವ್ವನನ್ನು ಕೇಳಿತು. ಫಕೀರವ್ವ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಿದ್ದವಳು. ಆಗ ಮೂವತ್ತು ದಾಟಿರಲಿಲ್ಲ. ತನ್ನ ಓಣಿಯಲ್ಲೇ ಎಲ್ಲರಿಗಿಂತ ಎತ್ತರದ ಹೆಂಗಸು, ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದಳು. ಅವಳು ಹಿಂದೆಮುಂದೆ ನೋಡಿದಾಗ, ಒಂದು ಹಂಗಾಮು ಮಾತ್ರ, ಮುಂದಿನ ವರ್ಷ ಬೇರೆಯವರು ಎಂದು ಹೇಳಿದವನು ನಾನು. ಮಂಡಳಿ ನನ್ನ ಬಾಯಿಂದ ಹೇಳಿಸಿತು ಎನ್ನಬಹುದು. ಬಾಯಿ ನನ್ನದೇ ಆಗಿತ್ತು.

ತಿಂಗಳುಗಟ್ಟಲೆ ಕಲಿಸಿದೆ. ಭಾರ ಹೊಕ್ಕುಳ ಕೆಳಗೆ, ಮಂಡಿ ಸಡಿಲ, ಕತ್ತು ಬೆನ್ನಿನ ಗೆರೆಯಲ್ಲೇ. ಇಳಿಸುವ ದಿನ ಆಕೆ ರಂಗದ ಮೇಲೆ ಬಾಗಿದ್ದೇ ತಡ, ಪಕ್ಕದ ಮುದುಕಿ ಸೆಟೆದು ನಿಂತು ಗಳಗಳನೆ ಅತ್ತಳು. ಇಷ್ಟು ಚೊಕ್ಕವಾಗಿ ದಾಟಿದ ನಿಲುವನ್ನು ಯಾರೂ ಕಂಡಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು. ಅದನ್ನು ಇಲ್ಲಿ ಬರೆಯಲೇಬೇಕು.

ಮುಂದಿನ ವರ್ಷ ಬಾಗು ಹಿಡಿಯಬೇಕಾದವಳಿಗೆ ಮದುವೆ ಗೊತ್ತಾಯಿತು. ಅದರಾಚೆಯ ವರ್ಷ ಒಬ್ಬನಿಗೆ ಮಂಡಿನೋವು. ಆಮೇಲೆ ಒಬ್ಬಳ ಮೈದುನ ಬೇಡವೆಂದ. ನಾಲ್ಕನೆಯ ವರ್ಷದಿಂದ ಕೇಳುವುದನ್ನೇ ಬಿಟ್ಟರು. ಪ್ರತಿ ಇಳಿಸುವ ದಿನವೂ ಫಕೀರವ್ವ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲುತ್ತಿದ್ದಳು. ಎಲ್ಲರ ಪಕ್ಕಕ್ಕೂ ಒಬ್ಬೊಬ್ಬರು ಬರುತ್ತಿದ್ದರು, ಇವಳ ಪಕ್ಕಕ್ಕೆ ಯಾರೂ ಬರುತ್ತಿರಲಿಲ್ಲ. ಊರು ಮಾತ್ರ ಅವಳಿಗೆ ಬಹಳ ಮಾಡಿತು. ಓಣಿಯ ನಳವನ್ನು ಮೊಳದಷ್ಟು ತಗ್ಗಿಸಿ, ತಗ್ಗಿಸಿದವರ ಹೆಸರಿನ ಕಲ್ಲನ್ನು ಅವಳಿಗೆ ಓದಲು ಬರುವ ಎತ್ತರದಲ್ಲೇ ನೆಟ್ಟರು. ಐದನೆಯ ವರ್ಷ ಸನ್ಮಾನ ಮಾಡಿದರು. ಶಾಲು ಹೊದಿಸಿದರೆ ಬಾಗಿದ ಬೆನ್ನಿನಿಂದ ಜಾರಿ ಜಾರಿ ಬೀಳುತ್ತಿತ್ತು, ಕೊನೆಗೆ ಒಬ್ಬರು ಹಿಂದೆ ನಿಂತು ಹಿಡಿದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಇನ್ನು ರಾಜನ ನಿಲುವು. ಅದನ್ನು ಹನ್ನೆರಡು ವರ್ಷದಿಂದ ಅಡಿವೆಪ್ಪ ಹೊತ್ತಿದ್ದಾರೆ. ಹೊತ್ತಿದ್ದಾರೆ ಎಂದೆ, ಅಭ್ಯಾಸಬಲ. ಅದು ಯಾರಿಗೂ ಹೊರೆಯಲ್ಲ. ಅಡಿವೆಪ್ಪ ಮೊದಲು ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ತಕ್ಕಡಿಯ ಮುಂದೆ ಗೂನಾಗಿ ಕೂತಿರುತ್ತಿದ್ದ ಕಾರಕೂನರು. ರಾಜನ ನಿಲುವು ಮೈಗೆ ಬಂದ ವರ್ಷವೇ ಮಂಡಳಿಯ ಅಧ್ಯಕ್ಷರಾದರು, ಮೂರನೆಯ ವರ್ಷಕ್ಕೆ ಪುರಸಭೆಯ ಅಧ್ಯಕ್ಷರು. ಆ ಎದೆ, ಆ ಗದ್ದ, ಆ ನಿಧಾನದ ತಿರುಗು ನೋಟ ನೋಡಿದರೆ ಎದುರಿಗಿದ್ದವರ ಕೈ ತಾನಾಗಿ ಮುಗಿಯುತ್ತಿತ್ತು. ಪ್ರತಿ ಇಳಿಸುವ ದಿನ ಅದನ್ನು ಹಿಡಿಯಲು ಹತ್ತಾರು ಜನ ಬರುತ್ತಿದ್ದರು. ನಾನೇ ಅವರಿಗೆ ಕಲಿಸುತ್ತಿದ್ದೆ. ಬೆನ್ನು, ಎದೆ, ಕತ್ತು ಎಲ್ಲ ಸರಿ ಇರುತ್ತಿತ್ತು, ನಿಲುವು ಮಾತ್ರ ಕದಲುತ್ತಿರಲಿಲ್ಲ. ಅಡಿವೆಪ್ಪ ಮುಗುಳ್ನಕ್ಕು, ಇನ್ನೊಂದು ವರ್ಷ ನಾನೇ ಹೊರುತ್ತೇನೆ, ಏನು ಮಾಡುವುದು ಎನ್ನುತ್ತಿದ್ದರು. ರಾಜನ ನಿಲುವಿನ ಗುಟ್ಟನ್ನು ರಾಜ ರಾಜನಿಗೆ ಮಾತ್ರ ಹೇಳುವುದು ರಿವಾಜು, ಮಾಸ್ತರನಿಗೂ ಹೇಳುವಂತಿಲ್ಲ. ಗೊತ್ತಿಲ್ಲದ್ದನ್ನೇ ಹನ್ನೆರಡು ವರ್ಷ ಕಲಿಸಿದ್ದೇನೆ.

ಈ ವರ್ಷ ಹಂಗಾಮಿಗೆ ಮೊದಲು ಫಕೀರವ್ವನ ಮಗಳು ಕಸ್ತೂರಿ ತಾಲೀಮು ಮನೆಗೆ ಬಂದಳು. ತಾಯಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳಂತೆ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆಮೇಲೆ ನಿಲುವು ಇಳಿದರೂ ಮೈ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಷ್ಟನ್ನೂ ಅವಳು ನೆಲ ನೋಡುತ್ತ ಹೇಳಿದಳು. ತಾಯಿಯ ಜೊತೆ ಮಾತಾಡಿ ಮಾತಾಡಿ ಆ ಮನೆಯವರಿಗೆ ಕೆಳಗೆ ನೋಡಿ ಮಾತಾಡುವುದು ಅಭ್ಯಾಸವಾಗಿತ್ತು.

ಅಂದೇ ಅವರ ಮನೆಗೆ ಹೋದೆ. ಫಕೀರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೂತಾಗಲೂ ಎದೆ ತೊಡೆಗೆ ತಾಗುತ್ತಿತ್ತು. ನಿನಗೇನು ಬೇಕು ಎಂದು ಕೇಳಿದೆ. ಹನ್ನೊಂದು ವರ್ಷದಲ್ಲಿ ನಾನು ಕೇಳಿರದ ಪ್ರಶ್ನೆ ಅದು. ನೆಟ್ಟಗೆ ನಿಲ್ಲಬೇಕು ಎನ್ನುತ್ತಾಳೆ ಎಂದುಕೊಂಡಿದ್ದೆ.

"ಅಂಗಾತ ಮಲಗಬೇಕ್ರಿ ಮಾಸ್ತರ," ಎಂದಳು. "ಮಗ್ಗಲಾಗಿ ಮಲಗಿ ಮಲಗಿ ಎರಡೂ ಕಿವಿ ಬಾತಾವ. ನಿಂತರ ಏನ್ ಸಿಗತೈತಿ, ಬಿಡ್ರಿ. ಒಮ್ಮೆ ಬೆನ್ನು ನೆಲಕ್ಕ ಹಚ್ಚಬೇಕು."

ಮಂಡಳಿಯ ಸಭೆಯಲ್ಲಿ ನಾನು ವಿಷಯ ಎತ್ತಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಡಾಕ್ಟರ ಮಾತನ್ನು ಹೇಳಿದೆ, ಈ ಸಲ ಮಂಡಳಿಯೇ ಯಾರನ್ನಾದರೂ ನೇಮಿಸಬೇಕು ಎಂದೆ. ಯಾರೂ ಸಿಟ್ಟಾಗಲಿಲ್ಲ. ಅದೇ ಅಲ್ಲಿನ ಕಷ್ಟ, ಯಾರೂ ಸಿಟ್ಟಾಗುವುದಿಲ್ಲ. ಅಡಿವೆಪ್ಪ ಕುರ್ಚಿಯಲ್ಲಿ ರಾಜನಂತೆ ಹೊರಳಿ ನನ್ನನ್ನು ಅಕ್ಕರೆಯಿಂದ ನೋಡಿದರು.

"ಆಕಿಗೆ ರೂಢಿ ಆಗೇತಿ ಮಾಸ್ತರ. ರೂಢಿ ಆದದ್ದನ್ನ ಬಿಡಿಸಿದ್ರ ಮೈಗೆ ತ್ರಾಸ. ಹೊಸಬರಿಗೆ ಹೊರಿಸಿದ್ರ ಅವರಿಗೂ ತ್ರಾಸ. ಎರಡು ಜೀವಕ್ಕ ಯಾಕ ನೋವು ಕೊಡೂದು?"

ರೂಢಿ.  ಯಾರದೋ ಬೆನ್ನಿನ ಮೇಲೆ ಕಲ್ಲಿಟ್ಟು, ಅವರು ಸಾಯಲಿಲ್ಲ ಎಂಬುದನ್ನೇ ಕಲ್ಲಿನ ಪರವಾಗಿ ಸಾಕ್ಷಿ ಮಾಡುವ ಮಾತು ಅದು.  ಅಷ್ಟರಲ್ಲಿ ಒಬ್ಬ ಸದಸ್ಯರು, ಫಕೀರವ್ವನಿಗೆ ಮಲಗಲು ತೊಂದರೆ ಇದ್ದರೆ ಅವಳ ಬಾಗಿನ ಅಳತೆಗೆ ನಡುವೆ ತಗ್ಗು ಇರುವ ಮಂಚವೊಂದನ್ನು ಮಾಡಿಸಿಕೊಡೋಣ ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ಕೈಗಳು ಮೇಲೆ ಹೋದವು. ಎಣಿಸುವವರು ಸರ್ವಾನುಮತ ಎಂದಾಗ ತಿರುಗಿ ನೋಡಿದೆ, ನನ್ನ ಕೈಯೂ ಮೇಲಿತ್ತು.

ಆ ಕೈಯನ್ನು ಇಳಿಸಿಕೊಂಡು ಸೀದಾ ಫಕೀರವ್ವನ ಮನೆಗೆ ಬಂದೆ. ಮಂಚದ ಸುದ್ದಿ ಹೇಳಿದಾಗ ಆಕೆ ಬಹಳ ಹೊತ್ತು ನಕ್ಕಳು. ಬಡಗಿ ಸಭೆಗೆ ಮೊದಲೇ ಬಂದು ಬೆನ್ನಿನ ಅಳತೆ ತೆಗೆದುಕೊಂಡು ಹೋಗಿದ್ದನಂತೆ. ಆಮೇಲೆ ಕೈಗೆ ಮೆತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ, ನನಗೆ ಬಾಗು ಹಿಡಿಯುವವರು ಬೇಡ, ನಾನೇ ರಾಜನ ನಿಲುವು ಹಿಡಿದರೆ ನನ್ನದು ಇಳಿಯುವುದಿಲ್ಲವೇ ಎಂದು ಕೇಳಿದಳು. ಇಳಿಯುತ್ತದೆ, ಆದರೆ ರಾಜನದು ಯಾರಿಗೂ ಸಿಕ್ಕಿಲ್ಲ, ನಿನ್ನ ಬೆನ್ನಂತೂ ಏಳುವುದೇ ಇಲ್ಲ ಎಂದೆ.

"ಬೆನ್ನಿನಾಗ ಏನೂ ಇಲ್ಲ ಮಾಸ್ತರ. ನೀವು ಎಲ್ಲಾರೂ ರಾಜನ ಎದಿ ನೋಡ್ತೀರಿ. ನಾ ಹನ್ನೊಂದು ವರ್ಷ ಕಾಲು ನೋಡೀನಿ."

ರಾಜನ ನಿಲುವಂಗಿ ನೆಲ ಗುಡಿಸುವಷ್ಟು ಉದ್ದ. ಹೊರಗೆ ಅಡಿವೆಪ್ಪ ಬೂಟು ಹಾಕುತ್ತಾರೆ. ಅವರ ಬರಿಗಾಲು ಕಾಣುವುದು ನಾಟಕದಲ್ಲಿ ಮೂರೇ ಸಲ, ಚಪ್ಪಲಿ ಇಡಲು ಅಂಗಿಯ ಅಂಚನ್ನು ಎತ್ತುವ ಮುದುಕಿಯೊಬ್ಬಳಿಗೆ. ರಾಜನ ಎಡಗಾಲಿನ ಹೆಬ್ಬೆರಳು ಎಂದೂ ನೆಲ ಮುಟ್ಟುವುದಿಲ್ಲ ಎಂದು ಫಕೀರವ್ವ ಹೇಳಿದಳು. ಅಕ್ಕಿಯ ಕಾಳು ತೂರುವಷ್ಟು ಮೇಲಿರುತ್ತದೆ. ಅದನ್ನು ಎತ್ತಿದರೆ ಭಾರ ಬಲ ಹಿಮ್ಮಡಿಯ ಹೊರ ಅಂಚಿಗೆ ಹೋಗುತ್ತದೆ, ಆಗ ಸೊಂಟ ತಾನೇ ಏಳುತ್ತದೆ, ಎದೆ ತಾನೇ ಬಿಚ್ಚುತ್ತದೆ, ಗದ್ದ ತಾನೇ ಮೇಲೆ ಹೋಗುತ್ತದೆ. ಹಿಂದಿನ ಮುದುಕಿ ಇವಳಿಗೆ ಇನ್ನೊಂದು ಮಾತನ್ನೂ ಹೇಳಿದ್ದಳಂತೆ. ಈ ನಿಲುವನ್ನು ಮೊಟ್ಟಮೊದಲು ಹಿಡಿದ ರಾಜನ ಪಾತ್ರಧಾರಿಗೆ ಎಡ ಹೆಬ್ಬೆರಳ ಕೆಳಗೆ ಆಣಿ ಎದ್ದಿತ್ತು. ನೋವಿಗೆ ಆ ಬೆರಳು ಊರುತ್ತಿರಲಿಲ್ಲ. ಅಷ್ಟೇ.

ನಾನು ಅಲ್ಲೇ ಎದ್ದು ನಿಂತು ಹೆಬ್ಬೆರಳು ಎತ್ತಿ ನೋಡಿದೆ. ಎದೆ ಬಿಚ್ಚಿತು. ಊರು ಕೈ ಮುಗಿದದ್ದು, ಮತ ಹಾಕಿದ್ದು, ಎದ್ದು ಜಾಗ ಬಿಟ್ಟದ್ದು ಯಾರದೋ ಸತ್ತ ನಟನ ಕಾಲಿನ ಆಣಿಗೆ. ನಗಬೇಕಿತ್ತು, ನಗು ಬರಲಿಲ್ಲ.

ಮೂರು ವಾರ ತಾಲೀಮು ಮಾಡಿದೆವು. ಕಾಲು ಮಾತ್ರ, ಮೇಲಿನ ಮೈಯನ್ನು ಏನೂ ಮಾಡುವಂತಿರಲಿಲ್ಲ. ಆಕೆಯ ಹೆಜ್ಜೆ ನೋಡಲು ನಾನು ಬೋರಲು ಮಲಗಿ ನೆಲಕ್ಕೆ ಕೆನ್ನೆ ಹಚ್ಚಬೇಕಾಯಿತು. ಇಷ್ಟು ವರ್ಷ ಎದುರಿಗೆ ಕುರ್ಚಿ ಹಾಕಿಕೊಂಡು ಕಲಿಸಿದವನು ನಾನು. ನೆಲದಿಂದ ನೋಡಿದಾಗ ನಿಲುವು ಬೇರೆಯೇ ಆಗಿತ್ತು. ಮನುಷ್ಯ ಮೇಲಿನಿಂದ ತೂಗುಬಿದ್ದಿಲ್ಲ, ಕೆಳಗಿನಿಂದ ಎದ್ದಿದ್ದಾನೆ ಎಂಬ ಸಣ್ಣ ಸಂಗತಿ ಮಾಸ್ತರನಿಗೆ ಆ ಧೂಳಿನಲ್ಲಿ ಹೊಳೆಯಿತು. ಒಂದು ದಿನ ಆಕೆ, ನನ್ನದು ಯಾರ ಮೇಲೆ ಹೋಗುತ್ತದೆ ಎಂದು ಕೇಳಿದಳು. ಆ ಕ್ಷಣ ರಂಗದ ಮೇಲೆ ಖಾಲಿಯಾಗುವ ಮೈ ಒಂದೇ. ಅದು ಆಕೆಗೂ ಗೊತ್ತಿತ್ತು.   ಆಮೇಲೆ ಹೆಬ್ಬೆರಳು ಮತ್ತೆ ಮೇಲೆದ್ದಿತು.

ಇಳಿಸುವ ದಿನ ಬಂತು. ಮಂಚವನ್ನೂ ಅಂದೇ ಕೊಡಬೇಕೆಂದು ರಂಗದ ಕೆಳಗೆ ಹೂವಿನ ಮಾಲೆ ಹಾಕಿ ಇಟ್ಟಿದ್ದರು. ನಡುವೆ ತೊಟ್ಟಿಲಿನಂತೆ ತಗ್ಗಿದ್ದ ಮಂಚ. ಕೊನೆಯ ಅಂಕದಲ್ಲಿ ಮೂರನೆಯ ಸಲ ಚಪ್ಪಲಿ ಇಡಲು ಫಕೀರವ್ವ ಬಂದಳು. ಬಾಗಿ ಬಾಗಿ ರಂಗವನ್ನು ಅಡ್ಡಲಾಗಿ ದಾಟಿ, ರಾಜನ ಅಂಗಿಯ ಅಂಚು ಎತ್ತಿ, ಚಪ್ಪಲಿ ಇಟ್ಟಳು. ಎಂದಿನಂತೆ ಹಿಂದೆ ಸರಿಯಲಿಲ್ಲ. ರಾಜನ ಪಕ್ಕಕ್ಕೆ ಬಂದು, ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಸಿಕ್ಕಿಸಿ, ಎರಡೂ ಕಾಲು ಊರಿ ನಿಂತಳು. ಅಡಿವೆಪ್ಪ ಮಾತು ನಿಲ್ಲಿಸಿ ಕೆಳಗೆ ನೋಡಿದರು. ಏನು ನಡೆಯುತ್ತಿದೆ ಎಂದು ಜನರಲ್ಲಿ ಯಾರಿಗೂ ತಿಳಿಯಲಿಲ್ಲ, ಅವರಿಗೆ ಮಾತ್ರ ತಿಳಿಯಿತು. ಬೆರಳು ಮುಚ್ಚಲೆಂದು ಅಂಗಿಯನ್ನು ಕೆಳಗೆ ಎಳೆದುಕೊಳ್ಳಲು ಹೋದರು.

ಅಷ್ಟರಲ್ಲಿ ಆಕೆಯ ಹೆಬ್ಬೆರಳು ಎದ್ದಿತ್ತು. ಬಲ ಹಿಮ್ಮಡಿ ಹಲಗೆಯ ಮೇಲೆ ಸಣ್ಣಗೆ ಕಿರ್ ಎಂದಿತು. ಮಂಡಿ ನೆಟ್ಟಗಾಯಿತು, ಸೊಂಟ ತಿರುಗಿತು. ಆಳದ ಬಾವಿಯಿಂದ ತುಂಬಿದ ಕೊಡ ಬರುವಂತೆ, ನಿಂತು ನಿಂತು, ಆ ಬೆನ್ನು ಮೇಲೆ ಬಂತು. ಒಂದೊಂದು ಮಣಿಯ ಸದ್ದೂ ಮುಂದಿನ ಸಾಲಿಗೆ ಕೇಳಿಸಿತು. ಆಕೆ ಎಷ್ಟು ಎತ್ತರ ಎಂಬುದನ್ನು ನಾವೆಲ್ಲ ಮರೆತಿದ್ದೆವು. ಪಕ್ಕದಲ್ಲಿ ರಾಜನ ಕಿರೀಟ ಉರುಳಿ ರಂಗದ ಅಂಚಿಗೆ ಬಂತು. ಅಡಿವೆಪ್ಪ ನೆಲಕ್ಕೆ ಸಮನಾಗಿ ಬಾಗಿ, ತಮ್ಮ ಅಂಗಿಯನ್ನೇ ಮೆಟ್ಟಿಕೊಂಡು ನಿಂತಿದ್ದರು.

ಫಕೀರವ್ವ ಅವರತ್ತ ತಿರುಗಿ, ಮೆಲ್ಲನೆಯ ದನಿಯಲ್ಲಿ, "ಒಂದ ಹಂಗಾಮು, ಸಾಹೇಬ್ರ," ಎಂದಳು. ಆಮೇಲೆ ರಂಗ ಇಳಿದು, ಮಾಲೆ ಹಾಕಿದ ಮಂಚದ ಪಕ್ಕದಿಂದ ಹಾದು, ಮಗಳ ಕೈ ಹಿಡಿದು ಮನೆಗೆ ನಡೆದಳು. ದಾರಿಯುದ್ದಕ್ಕೂ ಜನ ಅಭ್ಯಾಸಬಲದಿಂದ ಎದ್ದು ಕೈ ಮುಗಿದರು.

 ಆಟ ನಿಂತಾಗ ಐದೂವರೆ. ಆರು ಹೊಡೆಯುವುದರೊಳಗೆ ರಂಗದ ಮೆಟ್ಟಿಲ ಬಳಿ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು, ಅಧ್ಯಕ್ಷರ ಬಾಗನ್ನು ನಾವು ಹಿಡಿಯುತ್ತೇವೆ ಎಂದು. ಮಂಡಿನೋವಿನವನು ಅಲ್ಲಿದ್ದ. ಮದುವೆಯಾದವಳು ಕೈಗೂಸನ್ನು ಅತ್ತೆಗೆ ಕೊಟ್ಟು ಬಂದಿದ್ದಳು, ಅವಳ ಹಿಂದೆ ಗಂಡನೂ ನಿಂತಿದ್ದ. ಬೇಡವೆಂದಿದ್ದ ಮೈದುನನೇ ಸಾಲಿನ ಮೊದಲಿಗ. ದೊಡ್ಡವರನ್ನು ಹೀಗೆ ನೋಡಲಾಗುವುದಿಲ್ಲ ಎಂದು ಒಬ್ಬರು ಕಣ್ಣು ಒರೆಸಿಕೊಂಡರು. ಹನ್ನೊಂದು ವರ್ಷ ಒಬ್ಬರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಹದಿನಾಲ್ಕು. ಬಾಗುವುದು ಈ ಊರಿಗೆ ಎಂದೂ ಕಷ್ಟವಾಗಿರಲಿಲ್ಲ, ಯಾರಿಗಾಗಿ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಮಂಡಳಿ ನನ್ನನ್ನು ಎಳೆದು ತಂದು ಕಲಿಸು ಎಂದಿತು. ಮೋಸ ಮಾಡಲಿಲ್ಲ. ಹನ್ನೊಂದು ವರ್ಷದ ಹಿಂದೆ ಕಲಿಸಿದ್ದನ್ನು ಹಾಗೆಯೇ ಕಲಿಸಿದೆ. ಭಾರ ಹೊಕ್ಕುಳ ಕೆಳಗೆ, ಮಂಡಿ ಸಡಿಲ. ಒಬ್ಬೊಬ್ಬರಾಗಿ ರಂಗ ಹತ್ತಿ ಅಧ್ಯಕ್ಷರ ಪಕ್ಕದಲ್ಲಿ ಬಾಗಿದರು. ಯಾರಿಗೂ ದಾಟಲಿಲ್ಲ. ನಾನು ಕಲಿಸಿದ ಬಾಗು ಈಗ ಅದಾಗಿರಲಿಲ್ಲ. ಅದರೊಳಗೆ ಹನ್ನೊಂದು ವರ್ಷದ ರೊಟ್ಟಿಯ ಬುಟ್ಟಿ, ತಗ್ಗಿಸಿದ ನಳದ ಕೊಡ, ಮಗ್ಗಲು ನಿದ್ದೆ, ಜಾರಿದ ಶಾಲು ಎಲ್ಲ ಸೇರಿ ಭಾರ ಎಲ್ಲೆಲ್ಲಿಗೋ ಸರಿದಿತ್ತು. ನಾನು ಸಾಲಿನವರನ್ನು ಕೇಳಿದೆ, ಫಕೀರವ್ವ ನಡೆಯುವಾಗ ಮೊದಲು ಯಾವ ಕಾಲು ಇಡುತ್ತಿದ್ದಳು ಎಂದು. ಹದಿನಾಲ್ಕು ಜನರ ಮನೆಗೂ ಆಕೆ ದಿನಾ ರೊಟ್ಟಿ ತಂದು ಕೊಟ್ಟವಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.  ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಹಾಗಾದರೆ ಆಕೆಯನ್ನೇ ಕೇಳಬೇಕು ಎಂದಾಯಿತು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಮಂಡಳಿಯೆಲ್ಲ ಓಣಿಗೆ ಹೊರಟಿತು, ನಡುವೆ ಅಧ್ಯಕ್ಷರು, ಅವರ ಅಂಗಿಯ ಅಂಚನ್ನು ಇಬ್ಬರು ಹಿಡಿದುಕೊಂಡಿದ್ದರು. ನಾನು ಮುಂದೆ ಹೋಗಿ ಬಾಗಿಲ ಬಳಿ ನಿಂತೆ. ಕಸ್ತೂರಿ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಬರಿ ನೆಲದ ಮೇಲೆ, ಚಾಪೆಯೂ ಇಲ್ಲದೆ, ಫಕೀರವ್ವ ಅಂಗಾತ ಮಲಗಿದ್ದಳು. ಕೈಗಳು ಎರಡೂ ಕಡೆ ಚೆಲ್ಲಿದ್ದವು. ಬೆನ್ನು ಇಡಿಯಾಗಿ ನೆಲಕ್ಕೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಸಣ್ಣಗೆ ಏಳುತ್ತಿತ್ತು.

ಒಬ್ಬ ಸದಸ್ಯರು ಎಬ್ಬಿಸು ಎಂದರು. ಕಸ್ತೂರಿ ಈಗ ನೆಲ ನೋಡಲಿಲ್ಲ, ಅವರ ಮುಖವನ್ನೇ ನೋಡಿದಳು.

"ಎಬ್ಬಸೂದಿಲ್ರಿ. ಎಚ್ಚರ ಆದ ಮ್ಯಾಲ ಬರ್ರಿ."

ಎಷ್ಟು ಹೊತ್ತಿಗೆ ಎಚ್ಚರಾಗುತ್ತದೆ ಎಂದು ಅವರು ನನ್ನನ್ನು ಕೇಳಿದರು, ಮಾಸ್ತರ, ನೀವಾದರೂ ಹೇಳಿ ಎಂದು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ನನ್ನ ಕೈ ಯಾವಾಗಲೂ ಮೇಲೆ ಹೋಗಿದೆ. ಆ ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಆಚೆಯ ಚೌಕಟ್ಟು.

"ಕಾಯ್ರಿ," ಎಂದೆ. "ಸ್ವಲ್ಪ ಹೊತ್ತಿನ ಮೇಲೆ ರೂಢಿ ಆಗತೈತಿ."

ಓಣಿ ಕಾಯುತ್ತ ನಿಂತಿತು. ನೆಟ್ಟಗೆ ನಿಂತವರಿಗೆ ನನ್ನ ತೋಳುಗಳ ಆಚೆ ಏನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅಧ್ಯಕ್ಷರೊಬ್ಬರಿಗೆ. ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ನನ್ನ ತೋಳಿನ ಕೆಳಗೆ, ನೆಲದ ಮೇಲೆ ಆಕೆಯ ಎರಡು ಪಾದಗಳಿದ್ದವು. ಹಿಟ್ಟು ಮೆತ್ತಿದ, ಒಡೆದ ಹಿಮ್ಮಡಿಗಳು, ಮಾಡಿನ ಕಡೆ ಮುಖ ಮಾಡಿದ ಹತ್ತು ಬೆರಳು. ಅವರು ನೋಡುತ್ತಲೇ ಇದ್ದರು.